ವಾಸಂತಿಯ ಸೈಟಿಗೆ ಅಮ್ಮನವರ ಅಪ್ಪಣೆ

ಅಮ್ಮನವರು ಬೇಡ ಅಂದರಂತೆ.

ನಮ್ಮ ದೊಡ್ಡ ಭಾವ, ಅಂದರೆ ನಮ್ಮವರ ಅಣ್ಣ, ಕುಮಟೆಯಿಂದ ಬೆಳಗಿನ ಬಸ್ಸಿಗೆ ಹೊನ್ನಾವರಕ್ಕೆ ಬಂದಿಳಿದು, ಕಾಲು ತೊಳೆದ ನೀರು ಮೆಟ್ಟಿಲ ಮೇಲೆ ಆರುವ ಮೊದಲೇ ಈ ಸುದ್ದಿ ಹೇಳಿದರು. ಹೂವು ಎಡಕ್ಕೆ ಬಿತ್ತು, ಜಾಗದ ಮಾತು ಇಲ್ಲಿಗೆ ಬಿಡಿ ಅಂದರು. ಹೇಳಿ ಚಾ ಕುಡಿದರು. ಬನ್ಸ್ ತಿಂದರು. (ಬನ್ಸ್ ನಾನೇ ಕರಿದದ್ದು. ಅವತ್ತು ಚೆನ್ನಾಗಿ ಉಬ್ಬಿದ್ದವು. ಎಂಥ ಕೆಟ್ಟ ದಿನದಲ್ಲೂ ದೇವರು ಒಂದನ್ನಾದರೂ ನೆಟ್ಟಗೆ ಮಾಡಿಕೊಡುತ್ತಾನೆ.)

ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಅಲ್ಲಿಂದಲೇ ಅಮ್ಮನವರಿಗೆ ಕೈ ಮುಗಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ವಾಸಂತಿ ಮುಗಿಯಲಿಲ್ಲ.

ವಾಸಂತಿ ನಮ್ಮವರ ಕೊನೆಯ ತಂಗಿ. ಅಪ್ಪ ಅಮ್ಮ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಾಳೆ. ಇನ್ನೂ ಮದುವೆಯಾಗಿಲ್ಲ. ದಿನಾ ಬಸ್ಸು ಹತ್ತಿ ಭಟ್ಕಳದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಟ್ರಂಕ್ ಕಾಲ್ ಜೋಡಿಸಿ ಕೊಡುವ ಕೆಲಸ. ಸರಕಾರಿ ನೌಕರಿ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಎಣಿಸಿ ತರುವ ಮೊದಲ ಹೆಣ್ಣು ಅವಳು. ಇದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಆದರೂ ಅವಳ ಬುತ್ತಿ ಕಟ್ಟುವ ಕೈ ನನ್ನದು.

ಸೈಟಿನ ಹುಚ್ಚು ಅವಳಿಗೆ ಹಿಡಿದದ್ದು ಆ ಹೆಡ್‌ಫೋನಿನಿಂದ.

ಭಟ್ಕಳದಲ್ಲಿ ಮನೆಗೊಬ್ಬರು ದುಬಾಯಿಯಲ್ಲೋ ಮಸ್ಕತ್ತಿನಲ್ಲೋ ಇದ್ದಾರೆ. ಅಲ್ಲಿಂದ ಕಾಲ್ ಬಂದರೆ ಲೈನು ಹಿಡಿದಿದೆಯೋ ಕಡಿದಿದೆಯೋ ಎಂದು ಆಪರೇಟರ್ ನಡುವೆ ಒಮ್ಮೆ ಕಿವಿ ಕೊಡಲೇಬೇಕು. ಯಾರು ಯಾರಿಗೆ ಏನು ಹೇಳಿದರು ಎಂದು ವಾಸಂತಿ ಹೇಳಿದವಳಲ್ಲ, ನಾನು ಕೇಳಿದವಳೂ ಅಲ್ಲ. (ಒಮ್ಮೆ ಕೇಳಿದ್ದೆ. ಹೇಳಲಿಲ್ಲ.) ಆದರೆ ಒಂದು ಸಂಜೆ, ನಾನು ಸೌತೆಕಾಯಿ ಹೆಚ್ಚುತ್ತಿದ್ದಾಗ, ಪಕ್ಕದಲ್ಲಿ ಬಂದು ಕೂತು ಅಂದಳು:

"ಅತ್ತಿಗೆ, ಅಲ್ಲಿಂದ ಮಾತಾಡೋರು ಯಾರೇ ಇರ್ಲಿ, ಮೊದಲು ಅಮ್ಮನ ಆರೋಗ್ಯ ಕೇಳ್ತ್ರು. ಎರಡನೇದು ಕೇಳೂದು, ಜಾಗ ಸಿಕ್ತಾ ಅಂತ. ಮಕ್ಕಳ ಸುದ್ದಿ ಅದರ ಮೇಲೆ. ಅಷ್ಟು ದೂರದಿಂದ, ಅಷ್ಟು ದುಡ್ಡು ಕೊಟ್ಟು ಮಾತಾಡೋರು ಅದನ್ನೇ ಕೇಳ್ತ್ರು ಅಂದ್ರೆ ಅದ್ರಲ್ಲಿ ಎಂತೋ ಅದೆ."

ಅದೆ, ಅದರಲ್ಲಿ ಏನು ಸುಳ್ಳು? ಮುಟ್ಟಳ್ಳಿಯ ಕಡೆ ನಿನ್ನೆಯವರೆಗೆ ತೆಂಗಿನ ಮರ ಮಾತ್ರ ಇದ್ದಲ್ಲಿ ಇವತ್ತು ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟಿದ್ದಾರೆ. ಹೊನ್ನಾವರದ ಹೆದ್ದಾರಿ ಬದಿಯಲ್ಲಿ ದನ ಮೇಯುತ್ತಿದ್ದ ಬೇಣವೆಲ್ಲ ಈಗ 'ಪ್ಲಾಟು'. ಜನ ಇದಕ್ಕೆ ಇನ್ವೆಸ್ಟ್‌ಮೆಂಟ್ ಅನ್ನುತ್ತಾರೆ. ಹಾಗಂದರೆ ಎಂತದು ಎಂದು ನಮ್ಮವರು ಕೇಳಿದ್ದಕ್ಕೆ ವಾಸಂತಿ ತಾಳ್ಮೆಯಿಂದ ವಿವರಿಸಿದಳು: ಈಗ ಕೈಗೆ ಎಟುಕುವಾಗ ಒಂದು ಚೂರು ಜಾಗ ತೆಗೆದುಕೊಂಡು ಸುಮ್ಮನೆ ಬಿಡುವುದು. ಮನೆ ಕಟ್ಟಬೇಕೆಂದಿಲ್ಲ. ಅದರ ಬೆಲೆ ತನ್ನಷ್ಟಕ್ಕೆ ಏರುತ್ತದೆ. ಮುಂದೆ ಮಾರಿ ಇನ್ನೊಂದು ದೊಡ್ಡದು ತೆಗೆದುಕೊಳ್ಳಬಹುದು, ಇಲ್ಲವೇ ಅಲ್ಲೇ ಒಂದು ಸೂರು ಮಾಡಿಕೊಳ್ಳಬಹುದು.

"ಯಾರ ಹೆಸರಿಗೆ?" ಎಂದರು ನಮ್ಮವರು.

ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎರಡು ತಿಂಗಳು ನಾನು ಕೇಳಿದ್ದು ಇದೊಂದನ್ನೇ. ದಲ್ಲಾಳಿ ಬಂದ. ವಾಸಂತಿ ಎದುರಿಗೇ ಕೂತಿದ್ದರೂ ಅವಳ ತಲೆಯ ಮೇಲಿನಿಂದ ನಮ್ಮವರನ್ನು ನೋಡಿ, ಯಾರ ಹೆಸರಿಗೆ ಸಾಹೇಬ್ರೇ ಎಂದ. ಅವಳ ಹೆಸರಿಗೇ ಎಂದಾಗ, "ಮದುವೆ ಗೊತ್ತಾಗಿದ್ಯಾ?" ಎಂದ. ಪಕ್ಕದ ಮನೆಯಾಕೆ ಇಂಗು ಕೇಳಲು ಬಂದವಳು ಇಂಗು ಮರೆತು, ಜಾಗ ಇದ್ದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ, ತವರಿನಲ್ಲಿ ಬೇರು ಬಿಟ್ಟವಳು ಗಂಡನ ಮನೆಯಲ್ಲಿ ನಿಲ್ಲುತ್ತಾಳೆಯೇ ಎಂದು ಚಿಂತೆ ಮಾಡಿದಳು.

ಇದೇ ಹುಡುಗಿ ಹೋದ ವರ್ಷ ನಾಲ್ಕು ಬಳೆ ಮಾಡಿಸಿಕೊಂಡಳು. ಆಗ ಊರೆಲ್ಲ ಬಂದು ಕೈ ಹಿಡಿದು ನೋಡಿ, ಜಾಣೆ, ಜಾಣೆ ಅಂದದ್ದೇ ಅಂದದ್ದು. ಯಾರ ಹೆಸರಿಗೆ ಎಂದು ಒಬ್ಬರೂ ಕೇಳಲಿಲ್ಲ. ಏಕೆ? ಬಳೆ ಅವಳ ಜೊತೆ ಗಂಡನ ಮನೆಗೆ ನಡೆದುಕೊಂಡು ಹೋಗುತ್ತದೆ. ಜಾಗ ಹೋಗುವುದಿಲ್ಲ. ಹೆಣ್ಣಿನ ಹತ್ತಿರ ಹೊತ್ತುಕೊಂಡು ಹೋಗುವಂಥದ್ದು ಮಾತ್ರ ಇರಬೇಕು ಎಂದು ಯಾರು ಬರೆದಿಟ್ಟರು? ಕಷ್ಟ ಬಂದಾಗ ಮೊದಲು ಅಡವಿಗೆ ಹೋಗುವುದೂ ಆ ಬಳೆಯೇ ಅಲ್ಲವೇ? ಒಬ್ಬ ಗಂಡಸು ತನ್ನ ಗದ್ದೆ ಅಡವಿಟ್ಟು ಹೆಂಡತಿಯ ಬಳೆ ಉಳಿಸಿದ್ದನ್ನು ನೀವು ನೋಡಿದ್ದೀರಾ? ನೋಡಿದ್ದರೆ ದಯವಿಟ್ಟು ತಿಳಿಸಿ. ಅವರ ಮನೆಗೆ ಹೋಗಿ ಕಾಲು ಮುಟ್ಟಿ ಬರುತ್ತೇನೆ.

ನಾನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲು ನೆಲ ಮುಟ್ಟಿ, ತಾಯಿ, ಕಾಲು ಇಡುತ್ತೇನೆ, ಕ್ಷಮಿಸು ಎಂದು ಕೇಳಿಕೊಳ್ಳುವವಳು. ನನ್ನ ಅಜ್ಜಿ ಕಲಿಸಿದ್ದು. ಇಡೀ ಭೂಮಿ ತಾಯಿ. ಆದರೆ ಆ ತಾಯಿಯ ಒಂದು ಚೂರು ಮಗಳ ಹೆಸರಿಗೆ ಆಗಬೇಕು ಅಂದರೆ ಊರಿಗೇ ಕೆಮ್ಮು ಬರುತ್ತದೆ.

ಜಾಗ ಹುಡುಕಿದ್ದು ನಾವಿಬ್ಬರೇ, ಅತ್ತಿಗೆ ನಾದಿನಿ. ಅಪ್ಸರಕೊಂಡದ ದಾರಿಯಲ್ಲಿ ಒಂದನ್ನು ನೋಡಿದೆವು. ಕೂತು ಸಮುದ್ರ ನೋಡಲಿಕ್ಕೆ ಚೆಂದ, ಆದರೆ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಅಲ್ಲಿಯ ಬಾವಿ ನೀರು ಹಾಕಿದರೆ ಮೀನಿನ ಸಾರಿಗೆ ಬೇರೆ ಉಪ್ಪು ಬೇಡ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಾಗದವನ್ನು ನೀನು ನೋಡು, ನೀರನ್ನು ನಾನು ನೋಡುತ್ತೇನೆ. ನಮ್ಮ ಕರಾವಳಿಯಲ್ಲಿ ಬೇಸಿಗೆಯ ಕೊನೆಯಲ್ಲೂ ಬಾವಿ ನೀರು ಸಿಹಿ ಇದ್ದರೆ ಅದು ಜಾಗ. ಉಳಿದದ್ದೆಲ್ಲ ಬರೀ ಮಣ್ಣು.

ಕೊನೆಗೆ ಗಿರಿಜಕ್ಕನ ಜಾಗ ಸಿಕ್ಕಿತು. ಗಿರಿಜಕ್ಕ ಎಂದರೆ ನಮ್ಮ ಊರಿನಲ್ಲೇ ಹೆದ್ದಾರಿಯ ಮೇಲ್ಬದಿಯಲ್ಲಿ ಒಬ್ಬರೇ ಇರುವ ವಿಧವೆ. ಮನೆಯ ಹೆಂಚಿನ ಮಾಡು ರಿಪೇರಿ ಆಗಬೇಕಿತ್ತು. ಅದಕ್ಕಾಗಿ ಕಂಪೌಂಡಿನ ಒಂದು ಭಾಗ ಕೊಡುವವರಿದ್ದರು. ಎತ್ತರದ ಚಿರೆಕಲ್ಲಿನ ನೆಲ, ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ. ಬಿನ್‌ಶೇತ್ಕಿ ಆದದ್ದು, ಅಂದರೆ ಗದ್ದೆಯ ಲೆಕ್ಕದಿಂದ ತೆಗೆದು ಮನೆ ಕಟ್ಟಲು ಸರಕಾರ ಒಪ್ಪಿದ ಜಾಗ. ಬಾವಿಗೆ ಕೊಡ ಇಳಿಸಿ ನಾನೇ ಕುಡಿದೆ. ಎಳನೀರು!

ಗಿರಿಜಕ್ಕನಿಗೆ ವಾಸಂತಿ ಹಿಡಿಸಿದಳು. ದಲ್ಲಾಳಿಗಳು ದಿನಾ ಬಂದು ಬಾಗಿಲು ಬಡಿಯುತ್ತಿದ್ದರೂ ಅವರು ಒಂದೇ ಮಾತು ಹೇಳಿದರು: "ಅಮಾಸೆವರೆಗೆ ನಾ ಬೇರೆ ಯಾರಿಗೂ ಮಾತು ಕೊಡೂದಿಲ್ಲ. ನಂಗೆ ಬಾವಿಕಟ್ಟೆಲಿ ಮಾತಾಡೂಕೆ ಒಂದು ಜನ ಬೇಕು." ಅಮಾವಾಸ್ಯೆ ಕಳೆದರೆ ಜಾಗ ಹೋಯಿತು ಎಂದೇ ಲೆಕ್ಕ. ಇಂಥ ಜಾಗ, ಇಂಥ ನೀರು, ಆಪರೇಟರಿನ ಸಂಬಳಕ್ಕೆ ಎಟುಕುವ ಬೆಲೆ. ಇನ್ನೊಮ್ಮೆ ಎಲ್ಲಿ ಸಿಗುತ್ತದೆ?

ಇನ್ನು ಉಳಿದದ್ದು ಅಮ್ಮನವರ ಪ್ರಸಾದ ಒಂದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮವರ ಮೂಲ ಮನೆ ಕುಮಟೆಯ ಹತ್ತಿರ ಹೊಳನಗದ್ದೆಯ ಕಡೆ. ದೊಡ್ಡ ಭಾವ ಇರುವುದು ಅಲ್ಲೇ. ನಮ್ಮ ಅಮ್ಮನವರ ಗುಡಿಯೂ ಅಲ್ಲೇ. ಮದುವೆ, ಮನೆ, ದೋಣಿ, ಜಾಗ, ಯಾವುದೇ ದೊಡ್ಡ ಕೆಲಸ ಇರಲಿ, ಮೊದಲು ಅಮ್ಮನವರನ್ನು ಕೇಳಬೇಕು. ಭಟ್ಟರು ನೀರಿನಲ್ಲಿ ಅದ್ದಿದ ಹೂವಿನ ಎಸಳನ್ನು ದೇವಿಯ ಎರಡು ಭುಜಕ್ಕೂ ಅಂಟಿಸುತ್ತಾರೆ. ಕೇಳುವವರ ಹೆಸರು, ನಕ್ಷತ್ರ ಹೇಳಿ ಅರಿಕೆ ಮಾಡುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು. ಎಡಗಡೆಯದು ಬಿದ್ದರೆ ಬೇಡ.

ಇದು ಮೂಢನಂಬಿಕೆ ಎಂದು ನನಗೆ ಕಾರ್ಡು ಬರೆಯಲು ಹೊರಟಿರುವ ಓದುಗರೇ, ಆ ಕಾರ್ಡನ್ನು ಉಳಿಸಿಕೊಳ್ಳಿ. ನಾನು ನಂಬುವವಳು. ಅಮ್ಮನವರ ಮೇಲೆ ನನಗೆ ಅನುಮಾನ ಇಲ್ಲ. ನನ್ನ ಸಿಟ್ಟು ಇರುವುದು ಅವರ ಎದುರು ನಿಲ್ಲುವವರ ಮೇಲೆ.

ಎದುರು ನಿಲ್ಲುವವರು ಯಾರು? ಮನೆಯ ಹಿರಿಯ ಗಂಡಸು. ಅದೇ ರೂಢಿ. ಹಾಗಾಗಿ ದೊಡ್ಡ ಭಾವನಿಗೆ ಹೇಳಿ ಕಳಿಸಿದೆವು. ಅವರು ಕೇಳಿಸಿಕೊಂಡು ಬಂದರು. ಹೂವು ಎಡಕ್ಕೆ ಬಿತ್ತು. ಬನ್ಸ್ ತಿಂದರು. ಹೋದರು.

ವಾಸಂತಿ ಅವತ್ತು ಊಟ ಮಾಡಲಿಲ್ಲ. ಅಳಲೂ ಇಲ್ಲ. ಮರುದಿನ ಎಂದಿನಂತೆ ಬುತ್ತಿ ಹಿಡಿದು ಬಸ್ಸಿಗೆ ಹೋದಳು. ಸಂಜೆ ಬಂದವಳು ನನ್ನನ್ನು ಒಂದೇ ಒಂದು ಮಾತು ಕೇಳಿದಳು: "ಅತ್ತಿಗೆ, ನಾ ಎಂತ ಮಾಡಿದ್ದೆ ಅಂತ ಅಮ್ಮ ಬೇಡ ಅಂದ್ರು?"

ಅವಳು ಕೈ ಮುಗಿಯದೆ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಹುಡುಗಿಯ ಸಿಟ್ಟು ಅಮ್ಮನವರಿಗೆ ತಾಗದಿರಲಿ ಎಂದು, ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಅವಳ ಪರವಾಗಿ ಒಂದು ತಪ್ಪುಕಾಣಿಕೆ ಹಾಕಿ ಬರೋಣವೆಂದು ಕುಮಟೆಯ ಬಸ್ಸು ಹತ್ತಿದೆ. (ಸೀಟು ಸಿಕ್ಕಿತು. ಶುಕ್ರವಾರ, ಕುಮಟೆ ಬಸ್ಸಿನಲ್ಲಿ, ಕಿಟಕಿಯ ಪಕ್ಕ! ಇಂಥದ್ದನ್ನೆಲ್ಲ ನಾನು ಲೆಕ್ಕ ಇಡುತ್ತೇನೆ.)

ಗುಡಿಯಲ್ಲಿ ಜನ ಇರಲಿಲ್ಲ. ಕಾಣಿಕೆ ಡಬ್ಬಿಗೆ ಹಾಕಬೇಕೆಂದು ಕೈ ಚಾಚಿದಾಗ ಭಟ್ಟರು ತೀರ್ಥ ಹಿಡಿದುಕೊಂಡು ಬಂದರು. ಒಳ್ಳೆಯವರು, ಮಾತು ಸ್ವಲ್ಪ ಹೆಚ್ಚು. ಬಹಳ ಕನಿಕರದಿಂದ ಕೇಳಿದರು:

"ಎಂತ, ನಿಮ್ಮ ಮಂಜುಗೆ ಬೇರೆ ಜಾಗ ನೋಡಿದ್ರಾ?"

ಮಂಜು ಎಂದರೆ ದೊಡ್ಡ ಭಾವನ ಮಗ. ಕುಮಟೆಯಲ್ಲಿ ಲಾರಿ ಆಫೀಸೊಂದರಲ್ಲಿ ಇದ್ದಾನೆ. ಅವನಿಗೇಕೆ ಜಾಗ?

"ಮಂಜುಗಾ?" ಎಂದೆ.

"ಮತ್ತೆ? ಆ ಹೊನ್ನಾವರದ ಜಾಗ ಅವ್ನಿಗೆ ಆಗೂದಿಲ್ಲ ಅಂತ ಅಮ್ಮ ಹೇಳಿ ಆತಲ್ಲ. ಅವ್ನ ಹೆಸ್ರು, ನಕ್ಷತ್ರ ಹೇಳಿಯೇ ನಾ ಅರಿಕೆ ಮಾಡಿದ್ದು."

"ವಾಸಂತಿ ಹೆಸರು?"

ಭಟ್ಟರು ಒಮ್ಮೆ ನನ್ನನ್ನು, ಒಮ್ಮೆ ಅಮ್ಮನವರನ್ನು ನೋಡಿದರು. "ವಾಸಂತಿ ಹೆಸ್ರು ಬರ್ಲೇ ಇಲ್ಲ."

ನಾನು ಕಾಣಿಕೆಯನ್ನು ಸೆರಗಿನ ತುದಿಗೆ ವಾಪಸು ಕಟ್ಟಿಕೊಂಡೆ. ಕ್ಷಮಿಸು ತಾಯಿ, ಇದನ್ನು ಹಾಕಬೇಕಾದವರು ಬೇರೆ ಇದ್ದಾರೆ ಎಂದು ಹೇಳಿ ಹೊರಗೆ ಬಂದೆ.

ಗುಡಿಯಿಂದ ಭಾವನ ಮನೆಗೆ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ನಡೆದು ಹೋಗಬೇಕು. ಆ ಗದ್ದೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ನೋಡುತ್ತ ನಡೆದಷ್ಟೂ ನನ್ನ ಹೆಜ್ಜೆ ಬಿರುಸಾಯಿತು. ಅದು ಮೊದಲು ನಮ್ಮದಾಗಿರಲಿಲ್ಲ, ಗೇಣಿಗೆ ಮಾಡುತ್ತಿದ್ದದ್ದು. ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು ಭಾವನ ಹೆಸರಿಗೆ ಆಯಿತು. ಆಗ ಭಾವ ಅಮ್ಮನವರ ಹತ್ತಿರ ಪ್ರಸಾದ ಕೇಳಿದರೇ? ಇಲ್ಲ. ಮೊದಲು ಅರ್ಜಿ ಹಾಕಿದರು. ಗದ್ದೆ ಕೈಗೆ ಬಂದ ಮೇಲೆ ಹಣ್ಣುಕಾಯಿ ಮಾಡಿಸಿದರು. ಸರಿಯೇ, ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಟ್ಟಿ ಮಾಡಿದವರಲ್ಲಿ ವಾಸಂತಿಯೂ ಒಬ್ಬಳು. ಹೈಸ್ಕೂಲಿಗೆ ಹೋಗುವಾಗ ಅವಳ ಕಾಲಿನ ಕೆಸರು ನಾನು ನೋಡಿದ್ದೇನೆ. ಉಳುವವನಿಗೆ ಭೂಮಿ ಬಂತು. ನೆಡುವವಳಿಗೆ ಎಂತ ಬಂತು?

ಭಾವ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕವಳದ ತಯಾರಿಯಲ್ಲಿದ್ದರು. ನಾನು ಹಿಂಬದಿಯಿಂದ ಒಳಗೆ ಹೋದೆ. ಅಕ್ಕ, ಅಂದರೆ ಅವರ ಹೆಂಡತಿ, ಬೆಲ್ಲ ನೀರು ಕೊಟ್ಟರು. ಕುಡಿಯಲಿಲ್ಲ.

ನೀವು ನಂಬಬೇಕು, ಮದುವೆಯಾಗಿ ಬಂದಲ್ಲಿಂದ ನಾನು ಭಾವನ ಎದುರು ನಿಂತು ಮಾತಾಡಿದವಳಲ್ಲ. ನಮ್ಮಲ್ಲಿ ಗಂಡನ ಅಣ್ಣನ ಜೊತೆ ಏನಿದ್ದರೂ ಬಾಗಿಲ ಮರೆಯಿಂದಲೇ. ಚಾ ಕೊಡುವುದೂ ಮಕ್ಕಳ ಕೈಯಲ್ಲಿ. ಅವತ್ತು ಎಲ್ಲಿಂದ ಧೈರ್ಯ ಬಂತೋ, ಹೊಸ್ತಿಲು ದಾಟಿ ಜಗಲಿಗೆ ಬಂದು ನಿಂತೆ. ಭಾವನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

"ಭಾವ, ಅಮ್ಮನವರ ಹತ್ರ ಯಾರ ಹೆಸರಲ್ಲಿ ಕೇಳ್ಸಿದ್ರಿ?"

"ಮನೆ ಹೆಸರಲ್ಲಿ."

"ಭಟ್ರು ಮಂಜು ಹೆಸರು ಹೇಳಿದ್ರು."

"ಮಂಜು ಮನೆಯವನಲ್ಲದ?"

"ವಾಸಂತಿ?"

"ಅವಳು ಇವತ್ತಲ್ಲ ನಾಳೆ ಹೋಗೂಳು." ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಆಮೇಲೆ ಬಹಳ ಸಮಾಧಾನದಿಂದ ಹೇಳಿದರು: "ನಾ ಸುಳ್ಳು ಹೇಳ್ಲಿಲ್ಲ. ಹೂ ಎಡಕ್ಕೇ ಬಿತ್ತು. ಮನೆ ಗಂಡು ಹುಡುಗನಿಗೇ ಬೇಡ ಅಂದ ಜಾಗ, ಅವಳಿಗೆ ಆಗೂದು ಅಂತಾರಾ ಅಮ್ಮ?"

ನೋಡಿ, ನನ್ನ ಮೈ ಉರಿದದ್ದು ಇಲ್ಲಿ. ಹೊನ್ನಾವರದ ಒಂದು ಚೂರು ಜಾಗದ ಮೇಲೆ ಮಗನಿಗಾಗಿ ಆಸೆಪಟ್ಟದ್ದಕ್ಕೆ ಅಲ್ಲ. ಆಸೆ ಯಾರಿಗಿಲ್ಲ? ಹೆದ್ದಾರಿ ಬದಿ, ಸಿಹಿ ನೀರು, ಕೇಳಿದರೆ ನನಗೂ ಬಾಯಲ್ಲಿ ನೀರು ಬರುತ್ತದೆ. ಹುಡುಕಿದವಳು ಒಬ್ಬಳು, ಕೂಡಿಟ್ಟವಳು ಒಬ್ಬಳು, ಅಪ್ಪಣೆ ಕೇಳುವಾಗ ಹೆಸರು ಇನ್ನೊಬ್ಬನದು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅವನಿಗೆ ಸಿಕ್ಕ 'ಬೇಡ'ವನ್ನು ತಂದು ಇವಳ ತಲೆಗೆ ಕಟ್ಟುವುದೇ? ಹೂವು ಬಲಕ್ಕೆ ಬಿದ್ದಿದ್ದರೆ 'ಆಗಬಹುದು' ಮಂಜುವಿನದು. ಎಡಕ್ಕೆ ಬಿದ್ದರೆ 'ಬೇಡ' ಇಡೀ ಮನೆಯದು. ಇದು ಯಾವ ಊರಿನ ನ್ಯಾಯ?

ಮತ್ತೆ ಅಮ್ಮನವರನ್ನು ಎಷ್ಟು ಸಣ್ಣದು ಮಾಡಿಬಿಟ್ಟರು ನೋಡಿ! ಮೂರು ಲೋಕ ಕಾಯುವವಳಿಗೆ, ಮನೆಯಲ್ಲಿ ಗಂಡು ಯಾರು ಹೆಣ್ಣು ಯಾರು ಎಂದು ನೋಡಿ ಬಡಿಸುವುದಷ್ಟೇ ಕೆಲಸವೇ? ಅವಳೇ ಹೆಣ್ಣಲ್ಲವೇ? ಗುಡಿಯ ಜಾಗ ಯಾರ ಹೆಸರಿನಲ್ಲಿದೆ? ಅವಳ ಹೆಸರಿನಲ್ಲಿ!

ಇಷ್ಟನ್ನೂ ನಾನು ಅಲ್ಲಿ ಹೇಳಲಿಲ್ಲ. ಹೇಳಿದವರು ಅಕ್ಕ. ಒಳಗಿನಿಂದ, ಬಾಗಿಲ ಮರೆಯಿಂದ, ಎಂದೂ ಗಂಡನ ಎದುರು ಸ್ವರ ಎತ್ತದ ಅಕ್ಕ, ಹಪ್ಪಳ ಲಟ್ಟಿಸುತ್ತಲೇ ಅಂದರು:

"ಕೇಳಿದ್ರೆ ಅಲ್ದ ಗೊತ್ತಾಗೂದು."

ಭಾವ ಒಳಗೆ ತಿರುಗಿ ನೋಡಿದರು. ಲಟ್ಟಣಿಗೆಯ ಸದ್ದು ನಿಲ್ಲಲಿಲ್ಲ. ಕೊನೆಗೆ, ಬರಲಿ, ಅವಳೇ ಬಂದು ಕೇಳಲಿ, ನಾನೂ ಬಂದು ನೋಡುತ್ತೇನೆ ಅಂದರು. ದೊಡ್ಡ ಉಪಕಾರ ಮಾಡಿದವರ ಹಾಗೆ.

ಮನೆಗೆ ಬಂದು ವಾಸಂತಿಗೆ ಎಲ್ಲ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು. ಮಂಜುವಿಗೆ ಬೇಡ ಅಂದದ್ದು ಮಂಜುವಿಗೆ, ಸಂಬಳ ನನ್ನದು, ಗಿರಿಜಕ್ಕ ಕಾಯುತ್ತಿದ್ದಾರೆ, ನಾಳೆಯೇ ಹೋಗಿ ಅಡ್ವಾನ್ಸ್ ಕೊಟ್ಟು ಬರುತ್ತೇನೆ, ಇನ್ನು ಯಾರನ್ನೂ ಕೇಳುವುದಿಲ್ಲ ಅಂದಳು. ನ್ಯಾಯವೇ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಅಮ್ಮನವರನ್ನು ಬಿಟ್ಟು ಒಂದು ಕಲ್ಲು ನೆಟ್ಟರೂ ನನಗೆ ನಿದ್ದೆ ಬರುವುದಿಲ್ಲ. ನನಗೋಸ್ಕರ ಒಮ್ಮೆ ಬಾ ಎಂದೆ. ಒಂದು ವೇಳೆ ಈ ಸಲವೂ ಬೇಡ ಎಂದು ಬಂದರೆ ಎಂದು ನಮ್ಮವರು ಮೆಲ್ಲಗೆ ಕೇಳಿದರು. ಪಾಪ, ಅವರಿಗೆ ಅಣ್ಣನೂ ಬೇಕು, ತಂಗಿಯೂ ಬೇಕು, ರಾತ್ರಿಯ ಊಟವೂ ಬೇಕು.

ವಾಸಂತಿ ಬುತ್ತಿ ಡಬ್ಬಿ ತೊಳೆದು ಕವುಚಿ ಇಟ್ಟು ಹೇಳಿದಳು:

"ಬೇಡ ಅಂದ್ರೆ ಬಿಡ್ತೆ ಅಣ್ಣ. ಆದ್ರೆ ನನ್ನ ಹೆಸರು ಹೇಳಿ ಬೇಡ ಅನ್ಬೇಕು."

ಅವಳ ವಾರದ ರಜೆಯ ದಿನ ಹೋದೆವು. ಅಮಾವಾಸ್ಯೆ ಹತ್ತಿರ ಬಂದಿತ್ತು. ಭಾವ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಅಕ್ಕನೂ ಬಂದಿದ್ದರು, ಹಪ್ಪಳದ ಕೆಲಸ ಬಿಟ್ಟು. ಭಟ್ಟರಿಗೆ ಸ್ವಲ್ಪ ಮುಜುಗರ. ಹೆಣ್ಣುಮಕ್ಕಳು ಬಂದು ಹಣ್ಣುಕಾಯಿ ಮಾಡಿಸುತ್ತಾರೆ, ಉಡಿ ತುಂಬುತ್ತಾರೆ, ಮಕ್ಕಳಿಗೆ ಜ್ವರ ಬಂದರೆ ಬೂದಿ ಒಯ್ಯುತ್ತಾರೆ. ಜಾಗದ ಪ್ರಸಾದ ಕೇಳಲು ಎದುರು ನಿಂತದ್ದು ಅವರಿಗೂ ಹೊಸದು. ಆದರೂ ಹೂವಿನ ಎಸಳು ನೀರಿಗೆ ಹಾಕಿದರು.

"ಯಾರ ಹೆಸರಲ್ಲಿ?" ಎಂದರು ಅವರೂ.

ವಾಸಂತಿ ಹೇಳಿದಳು. ಟ್ರಂಕ್ ಕಾಲಿನಲ್ಲಿ ಹುಬ್ಬಳ್ಳಿಯ ಎಕ್ಸ್‌ಚೇಂಜನ್ನು ಕೂಗಿ ಕರೆಯುವ ಸ್ವರ ಅದು. ಗುಡಿಯ ಹೊರಗೆ ಕೂತಿದ್ದ ನಾಯಿಯೂ ಎದ್ದು ನಿಂತಿತು. ಹೆಸರು ಹೇಳಿದಳು, ನಕ್ಷತ್ರ ಹೇಳಿದಳು. ಅಷ್ಟೇ. ಇಂಥವರ ತಂಗಿ, ಇಂಥವರ ಮನೆಯವಳು ಎಂದು ಸೇರಿಸಲಿಲ್ಲ. ಭಟ್ಟರು ಅಷ್ಟನ್ನೇ ಅರಿಕೆ ಮಾಡಿ, ಎರಡು ಭುಜಕ್ಕೂ ಎಸಳು ಅಂಟಿಸಿ ಹಿಂದೆ ಸರಿದರು.

ಆ ಹೊತ್ತನ್ನು ನಾನು ಹೇಗೆ ಬರೆಯಲಿ? ಎಸಳು ಬೀಳಲಿಲ್ಲ. ದೀಪ ಉರಿಯುತ್ತಿತ್ತು. ಒಂದು ನೀರ ಹನಿ ದೇವಿಯ ಎಡ ಭುಜದಿಂದ ಮೆಲ್ಲಗೆ ಇಳಿಯಿತು. ನನ್ನ ಜೀವವೂ ಅದರ ಜೊತೆ ಇಳಿಯಿತು. ವಾಸಂತಿ ಕಣ್ಣು ಮುಚ್ಚಲಿಲ್ಲ. ನೆಟ್ಟಗೆ ಅಮ್ಮನವರನ್ನೇ ನೋಡುತ್ತಿದ್ದಳು, ಲೈನು ಸಿಗುವುದನ್ನು ಕಾಯುವ ಹಾಗೆ. ನಾನು ಮಾತ್ರ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ: ತಾಯಿ, ನೀನು ಏನಂದರೂ ಸರಿ, ಆದರೆ ಈ ಹುಡುಗಿಗೆ ಅಂತಲೇ ಹೇಳು.

ಬಲಗಡೆಯ ಎಸಳು ಬಿತ್ತು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಭಟ್ಟರು ಆ ಎಸಳನ್ನು ಎತ್ತಿ ವಾಸಂತಿಯ ಬೊಗಸೆಗೆ ಹಾಕಿ, "ಆತು, ಅಪ್ಪಣೆ ಆತು" ಅಂದರು. ಆಗ ಅವಳು ಕೈ ಮುಗಿದಳು. ಆಗಲೇ ಅಳು ಬಂತು ಅವಳಿಗೆ, ಅಷ್ಟು ದಿನದ್ದೂ ಸೇರಿ.

ಹೋದ ವಾರ ರಿಜಿಸ್ಟರ್ ಆಯಿತು. ಆಫೀಸಿನ ಗುಮಾಸ್ತರು ಕಾಗದದಿಂದ ತಲೆ ಎತ್ತಿ, ಖರೀದಿದಾರರು ಎಲ್ಲಿ ಎಂದು ನಮ್ಮವರ ಹಿಂದೆ ಹುಡುಕಿದರು. ಖರೀದಿದಾರರು ಅವರ ಎದುರಿಗೇ ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದರು. ಸಹಿ ಆಯಿತು. ಗಿರಿಜಕ್ಕ ಅಲ್ಲೇ ಬೆಂಚಿನ ಮೇಲೆ ಕೂತು, ಬಾವಿಯ ಹಗ್ಗ ಹಳೆಯದಾಗಿದೆ, ಹೊಸದು ಇನ್ನು ನೀನೇ ತರಬೇಕು ಹೆಣ್ಣೇ ಅಂದರು. ನಾನು ಮನೆಗೆ ಬಂದು ಆ ಜಾಗದ ಒಂದು ಮುಷ್ಟಿ ಮಣ್ಣನ್ನು ತುಳಸಿಕಟ್ಟೆಗೆ ಹಾಕಿದೆ. ಸೆರಗಿನಲ್ಲಿ ಕಟ್ಟಿಟ್ಟಿದ್ದ ತಪ್ಪುಕಾಣಿಕೆ ಮಾತ್ರ ಹಾಗೇ ಇದೆ. ದೇವರ ಗೂಡಿನಲ್ಲಿ ಒಂದು ಕಡೆ ಎತ್ತಿಟ್ಟಿದ್ದೇನೆ. ಹಾಕಬೇಕಾದವರು ಯಾವಾಗ ಬೇಕಾದರೂ ಬಂದು ಒಯ್ಯಬಹುದು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಅವತ್ತು ಗುಡಿಯಲ್ಲಿ ಬಲಗಡೆಯ ಎಸಳು ಬಿದ್ದಾಗ, ಕಂಬಕ್ಕೆ ಒರಗಿದ್ದ ದೊಡ್ಡ ಭಾವ ಬಾಗಿಲ ಕಡೆ ನೋಡಿ, ನಮಗೆಲ್ಲ ಕೇಳುವ ಹಾಗೆ ಒಂದು ಮಾತು ಅಂದಿದ್ದರು.

"ಗಾಳಿ ಬಂತು ಅಂತ ಕಾಣ್ತದೆ."

ಗುಡಿಯೊಳಗೆ ಎದುರು ಮಾತಾಡಬಾರದು ಎಂದು ನಾನು ಸುಮ್ಮನಿದ್ದೆ. ಇದು ಗುಡಿಯಲ್ಲ, ಪತ್ರಿಕೆ. ಭಾವನೂ ಇದನ್ನು ತರಿಸುತ್ತಾರೆ, ಕವಳ ಹಾಕಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಹಾಗಾಗಿ ಇಲ್ಲಿಯೇ, ಬಾಗಿಲ ಮರೆ ಬಿಟ್ಟು, ಎಲ್ಲರ ಎದುರು ಕೇಳುತ್ತೇನೆ.

ಭಾವ, ಹಿಂದಿನ ಸಲ ಎಡಗಡೆಯ ಹೂವು ಬಿದ್ದಾಗ ಗಾಳಿ ಇರಲಿಲ್ಲವೇ?